ರಾಯರ ಜೇಬಿನ ಚಮಚ

ಕಳ್ಳನನ್ನು ಹಿಡಿಯುವುದು ದೊಡ್ಡ ಕೆಲಸವಲ್ಲ. ಹಿಡಿದ ಮೇಲೆ ಅವನನ್ನು ಏನು ಮಾಡುವುದೆಂದು ಮೊದಲೇ ಯೋಚಿಸಿಟ್ಟುಕೊಂಡಿರಬೇಕು. ಇದು ಪುಕ್ಕಟೆ ಸಲಹೆ. ಮುಂಬಯಿಯ ದಾದರ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿಯ ಮೇಲೆ ನಾಲ್ಕು ಹಸಿಮೆಣಸು ಹಾಕಿಸಿಕೊಳ್ಳದೆ ಚೀಲ ಎತ್ತದ ನಾನು ಪುಕ್ಕಟೆ ಏನನ್ನಾದರೂ ಕೊಡುತ್ತಿದ್ದೇನೆಂದರೆ, ಅದಕ್ಕೆ ನಾನು ತೆತ್ತ ಬೆಲೆ ದೊಡ್ಡದೆಂದೇ ತಿಳಿಯಿರಿ. ಗೋರೆಗಾಂವಿನ ಒಂದೇ ಕೋಣೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿ ಮಾರಿ, ಚೌಕಾಸಿ ಮಾಡಿ ಮಾಡಿಯೇ ಮಾಟುಂಗದ ಪುಟ್ಟ ಹೋಟೆಲೊಂದರ ಗಲ್ಲಾದಲ್ಲಿ ಕೂತವಳು ನಾನು. ಗಲ್ಲಾದಲ್ಲಿ ಕೂತವರಿಗೆ ಮನುಷ್ಯರ ಮನಸ್ಸು ಓದುವುದು ತಾನಾಗಿಯೇ ಬರುತ್ತದೆ ಎಂಬ ಜಂಬ ನನಗಿತ್ತು.

ಆ ಜಂಬ ಇಳಿಸಿದವರು ರಾಯರು. ಮೈಸೂರು ಕಡೆಯವರು, ಫೋರ್ಟಿನ ಆಫೀಸೊಂದರಲ್ಲಿ ಬೇರೆಯವರ ಲೆಕ್ಕದ ತಪ್ಪು ಹುಡುಕುತ್ತಲೇ ನಿವೃತ್ತರಾದವರು. ಇಸ್ತ್ರಿ ಶರ್ಟು, ಜೇಬಿನಲ್ಲಿ ಪೆನ್ನು, ದಿನಾ ಹನ್ನೊಂದಕ್ಕೆ ಉಪ್ಪಿಟ್ಟು, ಕಾಫಿ. ಒಮ್ಮೆ ನಾನು ಹತ್ತು ರೂಪಾಯಿ ಚಿಲ್ಲರೆ ಹೆಚ್ಚು ಕೊಟ್ಟೆನೆಂದು ಸ್ಟೇಷನ್ನಿನಿಂದ ವಾಪಸ್ ನಡೆದುಬಂದು ಕೊಟ್ಟುಹೋದ ಮನುಷ್ಯ. ಅಂಥವರು ಎದ್ದುಹೋದ ಮೇಲೆ ಆಗಾಗ ಟೇಬಲ್ಲಿನ ಚಮಚವೂ ಇರುವುದಿಲ್ಲ ಎಂದರೆ ನಂಬುವುದು ಹೇಗೆ? ಸಪ್ಲೈಯರ್ ಭೀಮಪ್ಪ, ವಿಜಾಪುರದ ಕಡೆಯವನು, ಗಲ್ಲಾಕ್ಕೆ ಬಾಗಿ, "ಅಕ್ಕಾರ, ಇವತ್ತೂ ಒಂದು ಚಮಚಾ ಪೆನ್ನಿನ ಮಗ್ಗಲಾಗ ಕುಂತ್ ಹೋತ್ರಿ. ಹಿಡೀಲೇನ್ರಿ?" ಎಂದ.

ಹಿಡಿಯುವುದೇ? ಗಿರಾಕಿಯ ಮಾನ ಹೋದರೆ ಗಿರಾಕಿಯೂ ಹೋದಂತೆ. ಬಡತನಕ್ಕೆ ಕದಿಯುವವರನ್ನು ನಾನು ಬಲ್ಲೆ. ಅವರು ಚಮಚ ಮುಟ್ಟುವುದಿಲ್ಲ, ಇನ್ನೊಂದು ಬಟ್ಟಲು ಸಾಂಬಾರು ಕೇಳುತ್ತಾರೆ. ಜನ್ಮವಿಡೀ ನೆಟ್ಟಗೆ ನಿಂತ ಬೆನ್ನಿಗೂ ಒಮ್ಮೊಮ್ಮೆ ಸೊಟ್ಟಗಾಗುವ ಆಸೆ ಬರುತ್ತದೇನೋ. ಅದೆಲ್ಲ ಸರಿ, ನನ್ನ ಚಮಚದ ಗತಿ? ಮುಂದಿನ ಸಲ ಭೀಮಪ್ಪ ಕಣ್ಸನ್ನೆ ಮಾಡಿದಾಗ ಬಿಲ್ಲಿನಲ್ಲಿ ಉಪ್ಪಿಟ್ಟು, ಕಾಫಿ, ಅದರ ಕೆಳಗೆ 'ಚಮಚ ಒಂದು' ಎಂದು ಸೇರಿಸಿದೆ. ರಾಯರು ಓದಿದರು. ಕಿವಿ ಕೆಂಪಾಯಿತು. ಪೂರ್ತಿ ದುಡ್ಡಿಟ್ಟು ಹೋದರು. ದುಡ್ಡು ಕೊಟ್ಟು ಕದಿಯುವುದರಲ್ಲಿ ಏನು ರುಚಿ ಎಂದು ಭೀಮಪ್ಪನೆದುರು ಬೀಗಿದೆ.

ಮರುದಿನ ಹನ್ನೊಂದಾಯಿತು, ರಾಯರಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯಿತು. "ಮನ್ಯಾಗ ಕುಂತು ಏನ್ ಮಾಡ್ತಾರೋ ಏನೋ, ಒಂದು ಚಮಚಾದ ಸಲುವಾಗಿ," ಎಂದು ಭೀಮಪ್ಪ ನನ್ನ ಮುಖ ನೋಡದೆ ಗೊಣಗಿದ. ಆ ಮನುಷ್ಯನಿಗೆ ಶರ್ಟಿಗೆ ಇಸ್ತ್ರಿ ಹಾಕಿಸಲು ಉಳಿದಿದ್ದ ಒಂದೇ ಕಾರಣ ನಮ್ಮ ಉಪ್ಪಿಟ್ಟು ಎಂಬುದು ನನಗೆ ಆಗ ಹೊಳೆಯಿತು.

ಕೊನೆಗೆ ತರಕಾರಿ ಅಂಗಡಿಯಲ್ಲಿ ಸಿಕ್ಕರು. ನುಗ್ಗೆಕಾಯಿಯ ಹಿಂದೆ ಮುಖ ಮರೆಸಲು ನೋಡಿದರು; ನುಗ್ಗೆಕಾಯಿ ಅಷ್ಟು ಅಗಲವಿರುವುದಿಲ್ಲ.

"ರಾಯರೇ, ನಮ್ಮ ಬಿಲ್ ಮೆಷಿನ್ ಕೆಟ್ಟು ಹುಚ್ಚುಹುಚ್ಚಾಗಿ ಏನೇನೋ ಅಚ್ಚು ಹಾಕ್ತಿತ್ತು. ಬದಲಾಯಿಸಿದೆ," ಎಂದೆ.

"ಹೌದೇನಮ್ಮ? ನಾನು ಬಿಲ್ಲು ಓದೋದೇ ಇಲ್ಲ," ಎಂದರು, ಜೀವಮಾನವೆಲ್ಲ ಬಿಲ್ಲು ಓದಿಯೇ ಸಂಬಳ ಪಡೆದವರು.

ಮರುದಿನ ಬಂದರು. ಆದರೆ ಚಮಚ ಟೇಬಲ್ಲಿನಲ್ಲೇ ಉಳಿಯಿತು. ನಾಲ್ಕಾರು ದಿನ ಹೀಗೇ. ಅರ್ಧ ಉಪ್ಪಿಟ್ಟು ಬಿಟ್ಟು, ಶಿಕ್ಷೆ ಅನುಭವಿಸುವವರ ಹಾಗೆ ಕೂತು ಹೋಗುತ್ತಿದ್ದರು. "ಭೀಮಪ್ಪ, ಅವರಿಗೆ ಎರಡು ಚಮಚ ಇಡು, ಹೊಸದು. ಆಮೇಲೆ ಆ ಕಡೆ ತಿರುಗಿ ನೋಡಬೇಡ," ಎಂದೆ. ನಾನು ಮಾತ್ರ ಬೆನ್ನು ತಿರುಗಿಸಿ ದೇವರ ಫೋಟೊಗೆ ಹೂ ಏರಿಸುವ ನಾಟಕ ಹೂಡಿದೆ; ಫೋಟೊದ ಗಾಜಿನಲ್ಲಿ ಆ ಟೇಬಲ್ಲು ಚೆನ್ನಾಗಿ ಕಾಣುತ್ತದೆ. ರಾಯರ ಕೈ ಚಮಚದ ಹತ್ತಿರ ಹೋಯಿತು, ನಿಂತಿತು. ನಾನು ಏರಿಸಿದ ಹೂವನ್ನೇ ಮತ್ತೆ ಏರಿಸಿದೆ. ಪೆನ್ನಿನ ಪಕ್ಕ ಏನೋ ಮಿನುಗಿತು.

ಆ ಸಂತೋಷದಲ್ಲಿ ನನ್ನ ಕೈತಪ್ಪಿ ಹತ್ತು ರೂಪಾಯಿ ಚಿಲ್ಲರೆ ಹೆಚ್ಚು ಹೋಯಿತು. ರಾಯರು ಎರಡು ಸಲ ಎಣಿಸಿ, ನೋಟನ್ನು ಗಲ್ಲಾದ ಮೇಲಿಟ್ಟು, ಜೇಬಿನ ಚಮಚ ನನ್ನ ಕಣ್ಣಿಗೇ ಹೊಳೆಯುತ್ತಿರಲು, "ವ್ಯಾಪಾರದಲ್ಲಿ ಇಷ್ಟು ಮೈಮರೆವು ಒಳ್ಳೇದಲ್ಲಮ್ಮ. ಕಾಲ ಕೆಟ್ಟಿದೆ, ಯಾರಾದರೂ ಟೋಪಿ ಹಾಕಿಬಿಡ್ತಾರೆ," ಎಂದರು.

"ತಪ್ಪಾಯ್ತು ರಾಯರೇ," ಎಂದು ತಲೆ ತಗ್ಗಿಸಿದೆ. ಈ ಮುಂಬಯಿಯಲ್ಲಿ ಚೌಕಾಸಿಯಿಲ್ಲದೆ ನಾನು ಒಪ್ಪಿಕೊಂಡ ಮಾತು ಅದೊಂದೇ.