ಮೊಹರಿನೊಳಗಿನ ಮೇಸ್ತ್ರಿ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ತಟ್ಟುವ ಚಟ. ಯಾರ ಮನೆಗೆ ಹೋದರೂ ಗೋಡೆಯನ್ನು ಕೈಬೆತ್ತದಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ‘ಹ್ಞೂಂ’ ಅಂದ ಮೇಲೆಯೇ ಒಳಗೆ ಕಾಲಿಡುತ್ತೇನೆ. ಕಲ್ಲಂಗಡಿಯನ್ನು ಲೋಕವೆಲ್ಲ ತಟ್ಟುತ್ತದೆ. ನಾನು ಗಡಿಗೆ, ಕದ, ಕುಂಬಳಕಾಯಿ, ಕೊನೆಗೆ ದೇವರ ಮನೆಯ ತೆಂಗಿನಕಾಯಿಯನ್ನೂ ಬಿಡುವುದಿಲ್ಲ. ಹೆಣ್ಣು ನೋಡಲು ಕಮಠಾಣಕ್ಕೆ ಹೋದಾಗ ಹುಡುಗಿ ಚಹಾ ತರುವುದರೊಳಗೆ ಪಡಸಾಲೆಯ ನಾಲ್ಕೂ ಕಂಬಗಳನ್ನು ತಟ್ಟಿ ಮುಗಿಸಿದ್ದೆ. ಮೂರನೆಯದಕ್ಕೆ ಗೆದ್ದಲು ಹತ್ತಿದೆಯೆಂದು ಮಾವನಾಗಬೇಕಾದವರಿಗೆ ತಿಳಿಸಿಯೂ ಬಿಟ್ಟೆ. ಮದುವೆ ಹೇಗೋ ಆಯಿತು. ಕಂಬ ಮರುವರ್ಷ ಬಿತ್ತು. ನಾನು ತಟ್ಟಿದ್ದಕ್ಕೇ ಬಿತ್ತು ಎಂದು ನನ್ನ ಹೆಂಡತಿ ಇವತ್ತಿಗೂ ವಾದಿಸುತ್ತಾಳೆ.

ಈ ಚಟ ನನಗೆ ಅಂಟಿದ್ದು ನೌಕರಿಯಿಂದ. ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ ಔರಾದಿನಲ್ಲಿ ಒಂದು ಸರ್ಕಾರಿ ಸಾಲೆಯ ಕಟ್ಟಡ ಏಳುತ್ತಿತ್ತು. ಕಟ್ಟುವುದು ಮೇಸ್ತ್ರಿಯ ಕೆಲಸ, ಕಟ್ಟಿಸುವುದು ಗುತ್ತೇದಾರನ ಕೆಲಸ. ಪಾಯ, ಗೋಡೆ, ಮೇಲೆ ಹೊದಿಸುವ ಮಾಳಿಗೆ, ಗಾರೆ ಬಳಿಯುವ ಗಿಲಾವು ಎಂದು ಒಂದೊಂದು ಹಂತಕ್ಕೂ ಕೆಲಸ ಗಟ್ಟಿಯಿದೆಯೋ ಇಲ್ಲವೋ ಎಂದು ತಟ್ಟಿ ನೋಡುವುದು ನನ್ನ ಕೆಲಸ. ಬೀದರಿನಿಂದ ಸಾಹೇಬರು ಒಂದು ಬೆತ್ತ, ಒಂದು ರಿಜಿಸ್ಟರು, ಅರಗು ಮತ್ತು ಮೊಹರು ಕೊಟ್ಟು ಕಳಿಸಿದ್ದರು. ಹುಕುಮು ಸರಳವಾಗಿತ್ತು: ಬಂದ ಪ್ರತಿ ಬಂಡಿ ಸಾಮಾನಿನಲ್ಲಿ ಒಂದಿಷ್ಟನ್ನು ನಮೂನೆಯೆಂದು ತೆಗೆದಿಡಬೇಕು. ಅದನ್ನು ರಿಜಿಸ್ಟರಿನಲ್ಲಿ ಬರೆದು ಮೊಹರು ಹಾಕಬೇಕು. ಕೊನೆಗೆ ತಾವು ಬಂದು ನೋಡಿ ಪಾಸು ಮಾಡುತ್ತಾರೆ. ರಿಜಿಸ್ಟರಿನಲ್ಲಿ ಇಲ್ಲದ್ದು ಒಳಗಿರಕೂಡದು, ಒಳಗಿಲ್ಲದ್ದು ರಿಜಿಸ್ಟರಿನಲ್ಲಿ ಇರಕೂಡದು. ನಾನು ಹೆದರುತ್ತಿದ್ದುದು ಆ ರಿಜಿಸ್ಟರಿಗೆ ಮಾತ್ರ.

ಸಾಲೆಯ ಶರಣಪ್ಪ ಮಾಸ್ತರರು ಆಗ ಒಂದು ಕುರಿಹಟ್ಟಿಯಲ್ಲಿ ಪಾಠ ಹೇಳುತ್ತಿದ್ದರು. ಮುಂಜಾನೆ ಕುರಿ ಹೊರಗೆ ಹೋದ ಮೇಲೆ ಮಕ್ಕಳು ಒಳಗೆ, ಸಂಜೆ ಮಕ್ಕಳು ಹೊರಗೆ ಹೋದ ಮೇಲೆ ಕುರಿ ಒಳಗೆ. ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಒಳಗೆ. ಬರುವ ವರ್ಷದ ಮಿರಗದ ಮಳೆಯೊಳಗೆ ಕಟ್ಟಡ ಪಾಸಾಗದಿದ್ದರೆ ಸಾಲೆಯ ಮಂಜೂರಿ ಭಾಲ್ಕಿಗೆ ಹೋಗುತ್ತದೆಂದು ಮೇಲಿನಿಂದ ಕಾಗದ ಬಂದಿತ್ತು. “ನಮ್ಮ ಹುಡುಗೋರಿಗಿ ಮಗ್ಗಿ ಬರ್ತದರಿ, ಆದ್ರ ಎಲ್ಲಾ ಕುರಿ ದನಿಯಾಗ ಹೇಳ್ತಾವ್ರಿ. ಭಾಲ್ಕಿಗಿ ಹೋಗಗೊಡಬ್ಯಾಡ್ರಿ,” ಎಂದು ಮಾಸ್ತರರು ದಿನಾ ನನ್ನ ಕೈ ಹಿಡಿಯುತ್ತಿದ್ದರು.

ಮೇಸ್ತ್ರಿಯ ಹೆಸರು ಮೆಹಬೂಬ್. ಬೀದರ ಶಹರದವರು, ಏಳೆಂಟು ತಲೆಮಾರಿನಿಂದ ಗಚ್ಚಿನ ಕೆಲಸ. ಸುಣ್ಣವನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ, ಬೆಲ್ಲದ ನೀರು ಇನ್ನೊಂದು ತಂಬಿಗೆ ಬೇಕೋ ಬೇಡವೋ ಎಂದು ಹೇಳುವಂಥ ಮನುಷ್ಯ. ಅವರಲ್ಲಿ ದೋಷವೆಂದರೆ ಒಂದೇ: ಅದಬು, ದೊಡ್ಡವರೆಂದರೆ ಅತಿಯಾದ ಮರ್ಯಾದೆ. ನಮೂನೆ ಎಂದರೆ ನಜರು ಎಂದು ಅವರು ತಿಳಿದರು. ಸರ್ಕಾರದ ದೊಡ್ಡವರ ಮುಂದೆ ನಿಂತಾಗ ಅಂಗೈ ಮೇಲೆ ಕರವಸ್ತ್ರ ಹಾಸಿ ಕಾಣಿಕೆ ಒಪ್ಪಿಸುವ ರಿವಾಜು ನಮ್ಮ ಕಡೆ ಇತ್ತಲ್ಲ, ಅದು. ಮೊದಲ ಬಂಡಿ ಕೆಂಪುಕಲ್ಲು ಬಂದಾಗ ಅವರು ಒಂದು ತಾಸು ಹುಡುಕಿ, ಹುಳುಕು ಬಿರುಕು ಇಲ್ಲದ ಕಲ್ಲುಗಳನ್ನೇ ಆರಿಸಿ, ತೊಳೆದು ನನ್ನ ಮುಂದೆ ಇಟ್ಟರು.

“ಮೇಸ್ತ್ರಿ, ಯಾವುದಾದ್ರೂ ಕೊಡ್ರಿ, ನಡೀತದ,” ಅಂದೆ.

“ತೌಬಾ, ತೌಬಾ! ಸಾಹೇಬರಿಗಿ ಯಾವುದಾದ್ರೂ ಕೊಡೂದು ಹ್ಯಾಂಗ್ರಿ? ನಾಳಿ ನಮ್ಮ ಅಪ್ಪ-ಅಜ್ಜಗ ಏನ್ ಜವಾಬ್ ಹೇಳ್ಲಿ?”

ನಾನು ಬೆತ್ತದಿಂದ ತಟ್ಟಿದೆ. ಕಲ್ಲು ತಾಳದ ಹಾಗೆ ಖಣ್ ಎಂದಿತು. ರಿಜಿಸ್ಟರಿನಲ್ಲಿ ‘ಉತ್ತಮ’ ಎಂದು ಬರೆದೆ. ಅದು ನನ್ನ ಮೊದಲ ತಪ್ಪು. ಅಲ್ಲಿಂದ ಮುಂದೆ ಒಳ್ಳೆಯದೆಲ್ಲ ನಮೂನೆಗೆ, ಉಳಿದದ್ದು ಸಾಲೆಗೆ. ಅರೆದ ಗಚ್ಚಿನ ಸರದಿ ಬಂದಾಗ ಮೇಸ್ತ್ರಿ ಇನ್ನೊಂದು ಪ್ರಶ್ನೆ ಎತ್ತಿದರು. “ಗಚ್ಚ ಡಬ್ಬಿಯಾಗ ಇಟ್ರ ಅದು ಗಚ್ಚ ಹ್ಯಾಂಗ್ರಿ? ಎರಡು ಕಲ್ಲ ಹಿಡದ್ರ ಅದಕ್ಕ ಗಚ್ಚ ಅಂತಾರ.” ಮಾತು ಖರೇ ಅನ್ನಿಸಿತು. ಗಚ್ಚಿನ ನಮೂನೆಯನ್ನು ಕಲ್ಲಿನ ನಮೂನೆಗಳ ನಡುವೆಯೇ ಇಟ್ಟೆವು. ಹೀಗೆ ದಿನಾ ಇಟ್ಟದ್ದು ಸೊಂಟದೆತ್ತರ ಬಂತು, ಎದೆಯೆತ್ತರ ಬಂತು. ಸಾಗುವಾನಿ ತೊಲೆಯ ನಮೂನೆ ಇಡಲು ಆಸರೆ ಬೇಕಿತ್ತು, ಗೋಡೆಗಳು ಹೇಗೂ ಇದ್ದವು. ಕದದ ನಮೂನೆಯನ್ನು ಕದ ಇರುವ ಜಾಗದಲ್ಲಿ ನಿಲ್ಲಿಸಿದೆವು. ಒಂದು ದಿನ ಎಚ್ಚರಾಗಿ ನೋಡಿದರೆ ಸಾಲೆಯ ಅಂಗಳದಲ್ಲಿ ಮಾಳಿಗೆಸಹಿತ ಅಚ್ಚುಕಟ್ಟಾದ ಒಂದು ಕೋಣೆ ನಿಂತಿದೆ, ಆ ಕಡೆ ಸಾಲೆ ಇನ್ನೂ ಕಿಟಕಿಯ ಮಟ್ಟ ದಾಟಿಲ್ಲ. ನಾನು ಕೋಣೆಯ ಕದಕ್ಕೆ ಅರಗು ಸುರಿದು ಮೊಹರು ಒತ್ತಿದೆ.

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ಬೀದರಿನ ಸಾಹೇಬರು ಎಲ್ಲಿ ಹೋದರೋ ಗೊತ್ತಾಗಲಿಲ್ಲ. ಹಳೆಯ ಸರ್ಕಾರ ಹೋಗಿತ್ತು, ಹೊಸದು ಔರಾದಿನವರೆಗೆ ಬಂದಿರಲಿಲ್ಲ. ಆ ನಡುವಿನ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಏನೇನು ನಡೆಯಿತೆಂಬುದು ನಗುತ್ತ ಹೇಳುವ ಮಾತಲ್ಲ, ಅದನ್ನು ನಾನು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಒಂದು ಮುಂಜಾನೆ ಶರಣಪ್ಪ ಮಾಸ್ತರರು ಮೆಹಬೂಬ್ ಮೇಸ್ತ್ರಿಯ ಕೈ ಹಿಡಿದು ನನ್ನ ಬಳಿ ಓಡಿಬಂದರು. ನಾನು ಮೊಹರು ಒಡೆದೆ, ಅವರನ್ನು ಒಳಗೆ ಬಿಟ್ಟೆ, ಹೊಸದಾಗಿ ಅರಗು ಸುರಿದು ಮತ್ತೆ ಮೊಹರು ಹಾಕಿದೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಬುದ್ಧಿವಂತ ಅನ್ನಿಸಿಕೊಳ್ಳುತ್ತಿದ್ದೆ. ರಿಜಿಸ್ಟರಿನಲ್ಲಿ ಇಲ್ಲದ್ದು ಒಳಗಿರಕೂಡದಲ್ಲ! ಉರ್ದುವಿನಲ್ಲಿ ಬರೆದೆ: ‘ಮೇಸ್ತ್ರಿ, ಒಂದು. ಗುಣ: ಉತ್ತಮ.’

ಮಧ್ಯಾಹ್ನ ಹತ್ತಾರು ಜನ ಬಡಿಗೆ ಹಿಡಿದು ಮೇಸ್ತ್ರಿಯನ್ನು ಹುಡುಕುತ್ತ ಬಂದರು. ಕೋಣೆಯಲ್ಲಿ ಏನಿದೆ ಎಂದರು.

“ಸರ್ಕಾರಿ ನಮೂನಿ ಅದಾವ್ರಿ. ಮೊಹರ ಒಡದ್ರ ಸರ್ಕಾರಕ್ಕ ನೀವ ಜವಾಬ್ ಹೇಳ್ಬೇಕಾಗ್ತದ.”

“ಯಾವ ಸರ್ಕಾರ?” ಒಬ್ಬ ಕೇಳಿದ.

ನನಗೂ ಗೊತ್ತಿರಲಿಲ್ಲ. “ಅದು ಬಂದ ಮ್ಯಾಲ ತಾನ ಹೇಳ್ತದರಿ,” ಅಂದೆ.

ಅವರು ಆ ಕೆಂಪು ಅರಗನ್ನು ಬಹಳ ಹೊತ್ತು ನೋಡಿದರು. ಹೆಸರು ಗೊತ್ತಿಲ್ಲದ ಸರ್ಕಾರದ ಭಯ ಗೊತ್ತಿರುವ ಸರ್ಕಾರದ ಭಯಕ್ಕಿಂತ ದೊಡ್ಡದಿರಬೇಕು, ಸುಮ್ಮನೆ ತಿರುಗಿ ಹೋದರು. ಒಂಬತ್ತು ದಿನ ಮಾಸ್ತರರ ಹೆಂಡತಿ ಹಿಂದಿನ ಗವಾಕ್ಷಿಯಿಂದ ಜೋಳದ ರೊಟ್ಟಿ, ಪುಂಡಿ ಪಲ್ಯೆ ಇಳಿಬಿಟ್ಟರು. ಒಳಗೆ ಮೇಸ್ತ್ರಿ ಸುಮ್ಮನೆ ಕೂರದೆ ಗೋಡೆಗೆ ನುಣುಪಾಗಿ ಗಿಲಾವು ಮಾಡಿದ್ದರು. ಅದೂ ಒಂದು ಹಂತದ ನಮೂನೆಯೇ ತಾನೆ. ಹತ್ತನೆಯ ದಿನ ಊರು ತಣ್ಣಗಾದಾಗ ಅವರನ್ನು ಹೊರಗೆ ಬಿಟ್ಟು ಮತ್ತೆ ಮೊಹರು ಹಾಕಿದೆ, ಆದರೆ ರಿಜಿಸ್ಟರಿನಲ್ಲಿ ಬರೆದ ಸಾಲನ್ನು ಹೊಡೆದುಹಾಕುವ ಹುಕುಮು ನನಗಿರಲಿಲ್ಲ.

ಸಾಲೆಯ ಮಾಳಿಗೆ ಹೇಗೋ ಮುಚ್ಚಿ, ಮಿರಗಕ್ಕೆ ವಾರವಿರುವಾಗ ಹೊಸ ಸಾಹೇಬರು ಬಂದರು. ಬಳ್ಳಾರಿ ಕಡೆಯವರು, ಉರ್ದು ಬಾರದವರು. ನೆಟ್ಟಗೆ ನಮೂನೆಯ ಕೋಣೆಗೆ ನಡೆದು, ಅದನ್ನೇ ಸಾಲೆಯೆಂದು ತಿಳಿದು, ಮೊಹರು ಒಡೆಸಿ, ಗೋಡೆ ತಟ್ಟಿ, ತೊಲೆ ತಟ್ಟಿ ಹಿಗ್ಗಿದರು. “ಸಾಲೆ ಸ್ವಲ್ಪ ಚಿಕ್ಕದಾಯಿತು. ಆದರೆ ಕೆಲಸ ಅಂದರೆ ಹೀಗಿರಬೇಕು! ಆ ಕಡೆ ಇರುವ ದೊಡ್ಡದು ಏನು?”

“ಅದು ಇದರಾಗ ಉಳದದ್ದರಿ,” ಎಂದು ಮೇಸ್ತ್ರಿ ಖರೇ ಹೇಳಿದರು.

“ಉಳಿದ ಸಾಮಾನಿಗೆ ಅಷ್ಟು ದೊಡ್ಡ ಗೋದಾಮೇ?” ಎಂದು ಸಾಹೇಬರು ಹುಬ್ಬೇರಿಸಿದರು. ನಾನು ಬಾಯಿ ತೆರೆದೆ. ಮಾಸ್ತರರು ನನ್ನ ಕಾಲು ತುಳಿದರು. ಮುಚ್ಚಿದೆ.

ಸಾಹೇಬರು ರಿಜಿಸ್ಟರು ಓದಲು ಹೇಳಿದರು. ಉರ್ದು ಬಾರದವರ ಮುಂದೆ ಒಂದು ಸಾಲು ಹಾರಿಸಿದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ದೇವರು ನನಗೆ ಅಷ್ಟು ಬುದ್ಧಿ ಕೊಟ್ಟಿದ್ದರೆ ಗೋಡೆ ತಟ್ಟುವ ನೌಕರಿ ಯಾಕೆ ಮಾಡುತ್ತಿದ್ದೆ? ಕಲ್ಲು, ಗಚ್ಚು, ತೊಲೆ, ಕದ ಎಂದು ಓದುತ್ತ ಹೋಗಿ ಅದೇ ದನಿಯಲ್ಲಿ “ಮೇಸ್ತ್ರಿ, ಒಂದು” ಎಂದೂ ಓದಿದೆ.

“ಅದೆಲ್ಲಿದೆ? ಒಂದು ನಮೂನೆ ಕಡಿಮೆಯಿದ್ದರೂ ಪಾಸು ಕೊಡಲಾಗುವುದಿಲ್ಲ.”

ಆಗ ಮೆಹಬೂಬ್ ಮೇಸ್ತ್ರಿ ಟೋಪಿ ಸರಿಮಾಡಿಕೊಂಡು ಮುಂದೆ ಬಂದರು. “ಅದು ನಾನ ರಿ ಸಾಹೇಬ್ರ.”

ನಾನು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಸಾಹೇಬರು ಮೇಸ್ತ್ರಿಯನ್ನು ನೋಡಿದರು, ನನ್ನನ್ನು ನೋಡಿದರು. “ಆಗ ಮೊಹರನ್ನು ಯಾರಾದರೂ ಮುರಿದರೇ?” ಎಂದು ಕೇಳಿದರು.

“ಇಲ್ಲ ಸಾಹೇಬರೆ.”

ಅವರು ಕಣ್ಣೊರೆಸಿಕೊಂಡು ಸಹಿ ಹಾಕಿದರು.

ಹೀಗೆ ಔರಾದಿಗೆ ಸಾಲೆ ಉಳಿಯಿತು. ಪಾಸಾದದ್ದು ಚಿಕ್ಕ ಕೋಣೆಯಾದ್ದರಿಂದ ಮಕ್ಕಳೆಲ್ಲ ಅದರಲ್ಲೇ ತೊಡೆಗೆ ತೊಡೆ ಹಚ್ಚಿ ಕುಳಿತರು. ಅವರ ತಲೆಯ ಮೇಲೆ ಒಂದು ಹನಿ ಬೀಳಲಿಲ್ಲ. ಕಾಗದದಲ್ಲಿ ಗೋದಾಮಾದ ದೊಡ್ಡ ಕಟ್ಟಡದಲ್ಲಿ ರಿಜಿಸ್ಟರಿನ ಜೊತೆ ನನ್ನನ್ನು ಕೂರಿಸಿದರು. ಅದು ಜಾಗ ಜಾಗಕ್ಕೂ ಸೋರುತ್ತಿತ್ತು. ಹಂತಹಂತಕ್ಕೂ ನಾನೇ ನೋಡಿದ ಕೆಲಸ, ಯಾರಿಗೆ ದೂರಲಿ?

ಕೆಲವು ವರ್ಷಗಳ ಮೇಲೆ ನನಗೆ ಬೀದರಿಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದ ಅಧಿಕಾರಿ ನನಗಿಂತ ಕಟ್ಟುನಿಟ್ಟು. ಎಲ್ಲ ಎಣಿಸಿ, “ಮೇಸ್ತ್ರಿ ಒಂದು ಕಡಿಮೆ, ನಾ ಚಾರ್ಜ್ ತೊಗೊಳ್ಳಂಗಿಲ್ಲ,” ಎಂದು ಕುಳಿತುಬಿಟ್ಟರು. ಮೆಹಬೂಬ್ ಮೇಸ್ತ್ರಿ ಆಗ ಸಾಯಗಾಂವದಲ್ಲಿ ಬಾವಿ ಕಟ್ಟುತ್ತಿದ್ದರು. ಹೇಳಿಕಳಿಸಿದ ಮೂರನೆಯ ದಿನ, ಅರ್ಧಕ್ಕೆ ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು ಬಂದರು. ಮಕ್ಕಳು ನೋಡುತ್ತಿರುವಾಗಲೇ ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತರು. ಅಧಿಕಾರಿ ಗುರುತು ಹಾಕಿಕೊಂಡರು.

ಬಂಡಿ ಹತ್ತುವ ಮುಂಚೆ ಮೇಸ್ತ್ರಿಯ ಕಾಲು ಮುಟ್ಟಬೇಕೆನ್ನಿಸಿತು, ನಾಚಿಕೆಯಾಯಿತು. ಬದಲಿಗೆ, “ನಿಮ್ಮನ್ನ ಸುಮ್ಮ ತ್ರಾಸ ಕೊಟ್ಟೆ, ಮಾಫ್ ಮಾಡ್ರಿ,” ಅಂದೆ.

“ನನ್ನ ಮ್ಯಾಲ ‘ಉತ್ತಮ’ ಅಂತ ನೀವು ಬರದೀರಿ. ನಿಮ್ಮ ಮ್ಯಾಲ ಯಾರ ಬರದಾರ್ರಿ?” ಎನ್ನುತ್ತ ಮೇಸ್ತ್ರಿ ನನ್ನ ಕೈಯ ಬೆತ್ತ ಇಸಿದುಕೊಂಡರು. ನನ್ನ ತಲೆಯನ್ನು ಮೆಲ್ಲಗೆ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಮಾಸ್ತರರ ಕಡೆ ತಿರುಗಿ ತೀರ್ಪು ಹೇಳಿದರು: “ಒಳಗ ಪೂರಾ ಟೊಳ್ಳ ಅದರಿ. ಆದ್ರ ಸೋರೂದಿಲ್ಲ.”