ದೊಡ್ಡವ್ವನ ನರ್ಸ್ ಕ್ಯಾಪಿಗೆ ರಾಗಿ ಗಂಜಿ

ಬಟ್ಟೆಗೆ ಗಂಜಿ ಆಕಕ್ಕೆ ಓದಿರ್ಬೇಕಾ? ಅದುಕ್ಕೆ ನನ್ ಎಂಟನೇ ಕ್ಲಾಸೇ ಜಾಸ್ತಿ ಅಂದ್ಕಂಡಿದ್ದೆ.

ಪಾಂಡವಪುರದ ನಮ್ ದೊಡ್ಡವ್ವ ರಿಟೈರಾದ ನರ್ಸು. ಆಸ್ಪತ್ರೆ ನರ್ಸಿಂಗ್ ಸ್ಕೂಲಲ್ಲಿ ಜೊತೆಗೆ ಓದಿದ್ದ ಮೂರು ಗೆಳ್ತೀರು ಅವತ್ತು ಮದ್ಯಾನ್ನ ಬರೋರಿದ್ರು. ಆ ಕಾಲದ ಬಿಳೀ ಕ್ಯಾಪು ಆಕ್ಕಂಡು ನಾಲ್ಕೂ ಜನ ಫೋಟೊ ತೆಗಿಸ್ಕಬೇಕು ಅಂತ ಮಾತಾಗಿತ್ತು. ದೊಡ್ಡವ್ವ ಟ್ರಂಕಿಂದ ಕ್ಯಾಪು ತೆಗುದ್ಳು. ಬಾಡಿದ ಎಲೆಯಂಗಿತ್ತು.

"ಇದುನ್ನ ಇಷ್ಟ್ ಜೋಪಾನ ಮಾಡಿದ್ದೀಯಲ್ಲ, ಏನದೆ ಇದ್ರಲ್ಲಿ?"

"ಬಿಟ್ಟಿ ಬಂದಿದ್ದಲ್ಲ ಕಣ್ಲಾ. ಆರ್ ತಿಂಗ್ಳು ಬೆಡ್‌ಪ್ಯಾನ್ ತೊಳ್ದು, ಮಂಚಕ್ಕೆ ಬೆಡ್‌ಶೀಟ್ ಆಸಿ ಪಾಸಾದ್ರೆ ಕೈಗೆ ದೀಪ ಕೊಟ್ಟು ಕ್ಯಾಪಾಕೋರು."

"ಬೆಡ್‌ಶೀಟ್ ಆಸಕ್ಕೂ ಪರೀಕ್ಸೆನಾ?"

"ಮೂಲೆ ಸುಕ್ಕಾದ್ರೆ ಪಾಠ ಮಾಡೋ ಸಿಸ್ಟರ್ ಪೂರಾ ಕಿತ್ತಾಕೋರು. ಕ್ಯಾಪು ಬಗ್ಗಿದ್ರಂತೂ ವಾರ್ಡಿಗೇ ಸೇರುಸ್ತಿರ್ನಿಲ್ಲ."

"ಬಗ್ಗದಂಗೆ ನಾನ್ ಗಂಜಿ ಆಕ್ತೀನಿ ಬುಡು. ನೀನು ಅಡ್ಗೆ ನೋಡೋಗು."

ಇಂಗೆ ಸದರಿ ಕ್ಯಾಪಿನ ಚಿಕಿತ್ಸೆ ಸುರುವಾಯ್ತು.

ಅಕ್ಕಿ ಗಂಜಿ ಕಾಯುಸ್ತಾ ಯಾವನ್ ಕೂತ್ಕತಾನೆ? ಬೆಳಿಗ್ಗೆ ಮಿಕ್ಕಿದ್ ರಾಗಿ ಗಂಜಿ ಪಾತ್ರೇಲಿತ್ತು. ರಾಗಿ ತಿಂದ ನಾವೇ ನೆಟ್ಟಗೆ ನಿಲ್ತೀವಿ, ಕ್ಯಾಪು ನಿಲ್ಲಲ್ವಾ ಅಂತ ಅದ್ದಿ ಬಿಸ್ಲಿಗಾಕ್ದೆ.

ಕ್ಯಾಪು ಕಂದು ಬಣ್ಣ ಆಯ್ತು.

ಬೆಳ್ಳಗಾಗ್ಲಿ ಅಂತ ಬಟ್ಟೆ ನೀಲಿ ಆಕ್ದೆ. ಎರಡು ತೊಟ್ಟು ಸಾಕಂತೆ. ನಾನು ಅರ್ಧ ಬಾಟ್ಲಿ ಸುರುದೆ. ಕಂದು, ನೀಲಿ ಸೇರಿ ಎಮ್ಮೆ ಬಣ್ಣ. ಬೇಗ ಒಣಗ್ಲಿ ಅಂತ ಇಸ್ತ್ರಿ ಇಟ್ಟೆ. ಅಂಟ್ಕಂತು. ರೊಟ್ಟಿ ಸೀದ ವಾಸ್ನೆ ಬಂತು.

ಅಷ್ಟೊತ್ಗೆ ಗೆಳ್ತೀರು ಬಂದ್ಬುಟ್ರು. ಮೂರೂ ಜನುದ್ ತಲೆ ಮೇಲೆ ಕ್ಯಾಪು ಮಲ್ಲಿಗೆಯಂಗೆ. ದೊಡ್ಡವ್ವ ನನ್ ಕೈಲಿದ್ದುದ್ದ ನೋಡುದ್ಳು. ಸೆರಗಲ್ಲಿ ಕಣ್ಣೊರುಸ್ಕಂಡ್ಳು. ಬಯ್ದಿದ್ರೇ ವಾಸಿಯಾಗಿತ್ತು.

ಕೆ.ಆರ್.ಪೇಟೆ ಆಂಟಿ ಮೂಸಿ ನೋಡಿ, "ಲೋ, ಇದ್ರ ಜೊತೆಗೆ ಚಟ್ನಿ ಏನ್ ಮಾಡಿದ್ದೀಯಾ?" ಅಂದ್ರು.

ನಾಗಮಂಗಲದ ಆಂಟಿ ತಮ್ ಕ್ಯಾಪು ತೆಗ್ದು ಮೇಜಿನ ಮೇಲಿಟ್ರು. "ಸ್ಕೂಲಲ್ಲಿ ಸಿಸ್ಟರ್ ನನ್ ಕ್ಯಾಪು ಕಿತ್ಕಂಡಾಗ ಇವ್ಳೂ ತನ್ ಕ್ಯಾಪು ತೆಗ್ದು ನನ್ ಪಕ್ಕ ನಿಂತಿದ್ಳು. ಇವತ್ತು ಇವ್ಳಿಗಿಲ್ಲ ಅಂದ್ರೆ ನಂಗೂ ಬ್ಯಾಡ."

ಉಳ್ದಿಬ್ರೂ ತೆಗುದ್ರು. ದೊಡ್ಡವ್ವ ನಕ್ಬುಟ್ಳು. ನಾನು ಬಚಾವಾದೆ ಅಂದ್ಕಂಡು ಮೆಲ್ಲುಗೆ ಬಾಗ್ಲತ್ರ ಸರುದೆ.

"ಎತ್ಲಾಗ್ಲಾ?" ಅಂದ್ಳು ದೊಡ್ಡವ್ವ. "ನಮ್ ಸ್ಕೂಲಲ್ಲಿ ಕ್ಯಾಪು ಕೆಡ್ಸಿದೋರು ಅದುನ್ನೇ ಆಕ್ಕಂಡು ದಿನ ಪೂರ್ತಿ ತಿರುಗ್ಬೇಕು."

ಈಗ ದೊಡ್ಡವ್ವನ ಮನೆ ಗೋಡೆ ಮೇಲೆ ಆ ಫೋಟೊ ಅದೆ. ನಾಲ್ಕು ಜನ ಬರೀ ತಲೇಲಿ ನಗ್ತಾ ಕೂತವ್ರೆ. ಅವ್ರ ಇಂದೆ ಎಮ್ಮೆ ಬಣ್ಣದ ಕ್ಯಾಪು ಆಕ್ಕಂಡು, ಮೀಸೆ ಬಿಟ್ಕಂಡು ನಿಂತಿರೋ ನರ್ಸು ನಾನೇ.

ನಾಚ್ಕೆಗೆ ನನ್ ತಲೆ ಬಗ್ಗ್ಯದೆ. ಕ್ಯಾಪು ಮಾತ್ರ ಬಗ್ಗಿಲ್ಲ.