ಅತ್ತೆಯ ಫೋನಿಗೆ ನಾನು ಕರುಣಿಸಿದ ಶಾಂತಿ

ಅಪರಿಚಿತ ನಂಬರುಗಳ ವಿಷಯದಲ್ಲಿ ನನ್ನಷ್ಟು ತಿಳಿದವನು ಕುಮಟಾ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಾನು ನಂಬಿದ್ದೆ. ನಂಬುವುದಕ್ಕೆ ಆಧಾರವೂ ಇತ್ತು. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ಸೈಬರ್ ಜಾಗೃತಿ ಶಿಬಿರವೊಂದರಲ್ಲಿ ಮಧ್ಯಾಹ್ನದ ಊಟದವರೆಗೆ ಕೂತು, ಪ್ರಮಾಣಪತ್ರ ಪಡೆದು, ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ತೂಗುಹಾಕಿದವನು. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ನಾನು ಎತ್ತುವುದಿಲ್ಲ. ಗುರುತಿದ್ದ ನಂಬರಾದರೂ ಸ್ವಲ್ಪ ಯೋಚಿಸುತ್ತೇನೆ!

ಇಂಥ ನಾನು ರಜೆಯಲ್ಲಿ ಹೆಂಡತಿ ರೇಖಾಳ ತವರಾದ, ಹೊನ್ನಾವರದ ಪಕ್ಕದ ಕಾಸರಕೋಡಿಗೆ ಹೋದೆ. ಅಲ್ಲಿ ನನ್ನ ಅತ್ತೆ ದೇವಮ್ಮನವರ ಫೋನನ್ನು ಕಂಡೆ. ಕಂಡು ನಡುಗಿದೆ.

ಆ ಫೋನು ಬೆಳಗಿನಿಂದ ಸಂಜೆಯವರೆಗೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳುತ್ತಿತ್ತು ಅಷ್ಟೆ, ಎತ್ತುತ್ತಿದ್ದದ್ದು ಅಪರೂಪ. ಒಂದು ಸಲ ರಿಂಗಾಗಿ ನಿಂತರೆ ಅತ್ತೆ ಖಾಲಿ ಸಿಲಿಂಡರ್ ಉರುಳಿಸಿಕೊಂಡು ರಸ್ತೆಗೆ ಹೊರಡುತ್ತಿದ್ದರು. ಗ್ಯಾಸಿನವನು ಬಂದಿದ್ದಾನೆ ಎಂದರ್ಥ. ಇನ್ನೊಂದು ಸಲ ರಿಂಗಾಗಿ ನಿಂತರೆ ಅನ್ನಕ್ಕೆ ಇಡುತ್ತಿದ್ದರು. ಅವರ ತಂಗಿ ಹೊನ್ನಾವರದಲ್ಲಿ ಬಸ್ಸಿನಿಂದ ಇಳಿದಿದ್ದಾಳೆ ಎಂದರ್ಥ. ಮಾತಾಡಲು ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಹುಟ್ಟಿದ ಈ ಪದ್ಧತಿ, ಮಾತು ಪುಕ್ಕಟೆಯಾದ ಮೇಲೂ ಆ ಕೇರಿಯಲ್ಲಿ ಹಾಗೇ ಉಳಿದಿತ್ತು.

ಇವುಗಳಲ್ಲೆಲ್ಲ ದೊಡ್ಡದು ಮಾವನ ಮಿಸ್ಡ್ ಕಾಲ್. ಮಾವ ಸಣ್ಣ ಎಂಜಿನ್ನಿನ ದೋಣಿಯಲ್ಲಿ ನಸುಕಿಗೇ ಒಬ್ಬರೇ ಮೀನಿಗೆ ಹೋಗುತ್ತಾರೆ. ಹೊಳೆ ಸಮುದ್ರ ಸೇರುವ ಅಳಿವೆಯನ್ನು ದಾಟಿ ಒಳಗೆ ಬಂದ ಕೂಡಲೇ ಮನೆಗೆ ಒಂದು ರಿಂಗು ಕೊಡುತ್ತಾರೆ. ಅತ್ತೆ ಬುಟ್ಟಿ ಹಿಡಿದು ದಡಕ್ಕೆ ಹೊರಡುತ್ತಾರೆ. ಆ ಕರೆಯನ್ನು ಎತ್ತಬಾರದು. ನಿಂತುಹೋದ ರಿಂಗು ಎಂದರೆ ಕ್ಷೇಮ. ನಿಲ್ಲದೆ ಬಾರಿಸಿದರೆ ಏನೋ ಕೆಟ್ಟದ್ದು. ಇದು ಆ ಮನೆಯ ಕಾನೂನು.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಆ ದಿನ ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಫೋನಿನಲ್ಲಿ ಒಂದೇ ಒಂದು ಹೆಸರು ಇರಲಿಲ್ಲ. ಗಂಡ, ಮಗಳು, ತಂಗಿ, ಗ್ಯಾಸಿನವನು ಎಲ್ಲರೂ ಬರೀ ಅಂಕಿಗಳು. ಯಾಕೆಂದು ರೇಖಾಳನ್ನು ಕೇಳಿದೆ. "ನಮ್ಮೋರ ನಂಬರು ಕಂಡ್ರೆ ಗುರ್ತಾಗೂದಿಲ್ವನ? ಹೆಸ್ರು ಬರ್ದಿಡೂದು ಎಂತಕ್ಕೆ ಅಂತಾಳೆ ಅಮ್ಮ" ಎಂದಳು.

ಇದಕ್ಕಿಂತ ಭಯಂಕರವಾದ ಸಂಗತಿ ಇನ್ನೊಂದಿತ್ತು. ಅತ್ತೆಗೆ ಭಟ್ಕಳದಲ್ಲಿ ಜುಲೇಖಾ ಎಂಬ ಗೆಳತಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ಅದು ರಾಂಗ್ ನಂಬರಿನಿಂದ ಆದ ಸ್ನೇಹ! ಮಾವನ ಬೆರಳು ದೋಣಿಯ ಹಗ್ಗದಷ್ಟು ದಪ್ಪ. ಗುಂಡಿಯ ಫೋನಿನಲ್ಲಿ ಪ್ರತಿಸಲ ನಂಬರು ಒತ್ತಿಯೇ ಹಚ್ಚುವ ಅವರು ಆಗಾಗ ಕೊನೆಯ ಅಂಕಿ ತಪ್ಪಿಸುತ್ತಿದ್ದರು. ಅಳಿವೆ ದಾಟಿದ ಸುದ್ದಿ ಭಟ್ಕಳಕ್ಕೆ ಹೋಗುತ್ತಿತ್ತು. ಮರ್ಯಾದಸ್ಥರ ಮನೆಗೆ ಮಿಸ್ಡ್ ಕಾಲ್ ಕೊಡುವವನು ಯಾರೆಂದು ಜುಲೇಖಾ ಒಂದು ಸಂಜೆ ತಿರುಗಿ ಹಚ್ಚಿದರಂತೆ. ಅತ್ತೆ ಮಾವನ ಕೈಯಿಂದ ಫೋನ್ ಕಸಿದುಕೊಂಡು ಕಾದಾಡಿದರಂತೆ. ಅವರು ಭಟ್ಕಳದ ಮುಸ್ಲಿಮರ ನವಾಯತಿಯಲ್ಲಿ, ಇವರು ಅದಕ್ಕೆ ಹತ್ತಿರದ ಕೊಂಕಣಿಯಲ್ಲಿ. ಜಗಳ ಮುಗಿಯುವ ಹೊತ್ತಿಗೆ ಒಣಸಿಗಡಿ ಚಟ್ನಿಗೆ ಎಷ್ಟು ಹುಳಿ ಎಂಬಲ್ಲಿಗೆ ಮಾತು ಬಂದಿತ್ತು. ಅಂದಿನಿಂದ ಇಬ್ಬರೂ ದಿನಾ ಮಾತಾಡುತ್ತಾರೆ.

ಶಿಬಿರದಲ್ಲಿ ಹೇಳಿದ್ದ ಅಷ್ಟೂ ಅಪಾಯಗಳು ಒಂದೇ ಫೋನಿನಲ್ಲಿ! ನನ್ನ ಒಳಗಿನ ಪ್ರಮಾಣಪತ್ರ ಎದ್ದು ನಿಂತಿತು.

ಅತ್ತೆಗೆ ನೇರವಾಗಿ ಹೇಳುವಂತಿರಲಿಲ್ಲ. ನಮ್ಮಲ್ಲಿ ಅತ್ತೆ, ಅಳಿಯ ಎದುರುಬದುರು ಮಾತಾಡುವುದಿಲ್ಲ. ಮದುವೆಯಾದಾಗಿನಿಂದ ದೇವಮ್ಮನವರು ನನ್ನೊಡನೆ ಒಂದು ಮಾತೂ ಆಡಿದವರಲ್ಲ. ನಾನು ಎಲೆಯ ಮುಂದೆ ಕೂತಿದ್ದರೂ, "ರೇಖಾ, ಅವ್ರಿಗೆ ಇನ್ನೊಂದ್ ದೋಸೆ ಬೇಕನ ಕೇಳು" ಎನ್ನುತ್ತಾರೆ. ನಾನು, "ಸಾಕು ಅಂತ ಹೇಳು" ಎನ್ನುತ್ತೇನೆ. ದೋಸೆ ಬೀಳುತ್ತದೆ. ಅಂದು ರೇಖಾ ಪೇಟೆಗೆ ಹೋಗಿದ್ದಳು. ಅತ್ತೆ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದರು. ಫೋನು ಕಿಟಕಿಯಲ್ಲಿತ್ತು. ಗುಟ್ಟಾಗಿ ಒಂದು ಸೇವೆ ಮಾಡಿಬಿಡೋಣ ಎಂದುಕೊಂಡು, ‘ಉಳಿಸದ ನಂಬರುಗಳನ್ನು ತಡೆಯಿರಿ’ ಎಂಬುದನ್ನು ಒತ್ತಿದೆ.

ಒಂದೂ ನಂಬರು ಉಳಿಸದ ಫೋನಿನಲ್ಲಿ!

ಆದ ಪರಿಣಾಮ ಅಪೂರ್ವವಾಗಿತ್ತು. ಮನೆ ಒಮ್ಮೆಲೇ ಗ್ರಂಥಾಲಯದಂತಾಯಿತು. ನಾನು ಜಗಲಿಯಲ್ಲಿ ಕಾಲು ಚಾಚಿ ಪೇಪರ್ ಓದಿದೆ. ಆ ಕಡೆ ಗ್ಯಾಸಿನವನು ರಿಂಗು ಕೊಟ್ಟು, ಕಾದು, ವಾಪಸು ಹೋದ. ಅತ್ತೆಯ ತಂಗಿ ಬಂದು ನೋಡಿದರೆ ಅನ್ನವೇ ಇಲ್ಲ. ಆಕೆ ಬೇಸರದಿಂದ ಅವಲಕ್ಕಿ ತಿಂದು ಹೋದರು. ಅತ್ತೆಗೆ ಫೋನಿನ ಮೇಲೆ ಸಂಶಯ ಬಂತು. ಯಾರದ್ದೋ ದೃಷ್ಟಿ ತಾಗಿದೆ ಎಂದು ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ನಾನು ಘಾಟಿಗೆ ಕೆಮ್ಮಿದೆ. ಸತ್ಯ ಮಾತ್ರ ಹೇಳಲಿಲ್ಲ. ಶಾಂತಿಯ ರುಚಿ ಅಂಥದ್ದು.

ಮರುದಿನ ಮಾವ ಎಂದಿನಂತೆ ನಸುಕಿಗೇ ಹೋದರು. ಬೆಳಗಾಗುತ್ತಿದ್ದಂತೆ ಬಡಗಿನಿಂದ ಗಾಳಿ ಎದ್ದಿತು. ತೆಂಗಿನ ಗರಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿ ನಿಂತವು. ಮಾವ ಬರುವ ಹೊತ್ತು ದಾಟಿತು. ಅತ್ತೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನ ಎದುರು ಕೂತಿದ್ದರು. ಸಮುದ್ರದಲ್ಲಿರುವವರಿಗೆ ಮನೆಯಿಂದ ಹಚ್ಚುವ ಪದ್ಧತಿ ಇರಲಿಲ್ಲ. ಫೋನು ನಾನು ಕಲಿಸಿದ ಶಿಸ್ತಿನಲ್ಲಿ ಸುಮ್ಮನಿತ್ತು. ಕೊನೆಗೆ ಅತ್ತೆ ಎದ್ದು ದಡಕ್ಕೆ ನಡೆದರು. ರೇಖಾ ಹಿಂದೆ ಓಡಿದಳು. ರೇಖಾಳ ಹಿಂದೆ ನಾನು.

ಅಂದು ಅಳಿವೆಯಲ್ಲಿ ಕಂಡದ್ದು ಇವತ್ತಿಗೂ ಕಣ್ಣು ಮುಚ್ಚಿದರೆ ಬರುತ್ತದೆ. ಹೊಳೆಯ ನೀರು ಹೊರಗೆ ನುಗ್ಗುತ್ತಿತ್ತು, ಸಮುದ್ರ ಒಳಗೆ ನುಗ್ಗುತ್ತಿತ್ತು, ನಡುವೆ ಬಿಳಿ ನೊರೆಯ ಗೋಡೆ. ಒಂದು ದೋಣಿ ಆ ಗೋಡೆಯ ಮೇಲೆ ಏರಿತು. ಮೂತಿ ಆಕಾಶಕ್ಕೆ ನೆಟ್ಟಿತು. ಆಮೇಲೆ ಕಾಣಲೇ ಇಲ್ಲ. ಮತ್ತೆ ಎದ್ದಾಗ ಅದು ಈಚೆಗಿತ್ತು. ಅದು ಮಾವನ ದೋಣಿಯಲ್ಲ. ಅಂದು ಒಳಗೆ ಬಂದ ಕೊನೆಯ ದೋಣಿ ಅದೇ.

ಅದರಿಂದ ಇಳಿದ ಮನುಷ್ಯ ಅತ್ತೆಯ ಮುಖ ನೋಡದೆ ಹೇಳಿದ: "ದೇವಮ್ಮಕ್ಕ, ಅವ್ರ ದೋಣಿ ಬೆಳಿಗ್ಗೇ ತೆಂಕ ಹೋಗ್ತಾ ಇತ್ತು. ಎಂಜಿನ್ ಬಂದಾದಂಗೆ ಕಾಣ್ತು. ಈ ಗಾಳೀಲಿ ನಮ್ಗೆ ಹತ್ರ ಹೋಗೂಕಾಗ್ಲಿಲ್ಲ. ಅಲ್ಲಿಂದ್ಲೇ ನಿಮ್ಗೆ ಫೋನ್ ಹಚ್ಚಿದ್ವು. ಹೋಗ್ಲೇ ಇಲ್ಲ."

ಹೋಗಲೇ ಇಲ್ಲ!

ಮಾವನಿಗೆ ಬಾಯಿಪಾಠ ಬರುವುದು ಮನೆಯ ಆ ಒಂದೇ ನಂಬರು. ಕೆಟ್ಟ ಎಂಜಿನ್ನಿನ ದೋಣಿಯಲ್ಲಿ ಕೂತು ಅವರು ಅದಕ್ಕೇ ಹಚ್ಚಿರುತ್ತಾರೆ. ಆ ಬಾಗಿಲಿಗೆ ಅಗಳಿ ಹಾಕಿ ನಾನು ಪೇಪರ್ ಓದುತ್ತಿದ್ದೆ.

ಈಗ ಹೇಳಲೇಬೇಕಿತ್ತು. ಅಂಥ ಹೊತ್ತಿನಲ್ಲೂ ಸಂಪ್ರದಾಯ ನನ್ನನ್ನು ಬಿಡಲಿಲ್ಲ ನೋಡಿ. ಅತ್ತೆ ಒಂದು ಮಾರು ದೂರದಲ್ಲಿ ನಿಂತಿರುವಾಗ ನಾನು ಹೆಂಡತಿಯ ಕಡೆ ತಿರುಗಿ, "ರೇಖಾ, ನಿನ್ನ ಅಮ್ಮನಿಗೆ ಹೇಳು, ಅವರ ಫೋನು ಕೆಟ್ಟಿಲ್ಲ, ಬರುವ ಕರೆಗಳನ್ನು ನಾನೇ ತಡೆದಿಟ್ಟಿದ್ದೇನೆ, ಅವರ ಸುರಕ್ಷತೆಯ ದೃಷ್ಟಿಯಿಂದ" ಎಂದೆ.

ರೇಖಾ ಅದನ್ನು ದಾಟಿಸುವ ಅಗತ್ಯ ಬೀಳಲಿಲ್ಲ. ಅತ್ತೆ ಬುಟ್ಟಿ ಕೆಳಗಿಟ್ಟು, ಸೀದಾ ನನ್ನ ಮುಂದೆ ಬಂದು, ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ ನನ್ನೊಡನೆ ಮಾತಾಡಿದರು.

"ಮುಚ್ಚಿದ್ದು ನೀನೇ ಅಲ್ಲನ? ತೆಗಿ."

‘ಅವರು’ ಎಂಬ ಗೌರವದ ಪೀಠದಿಂದ ನಾನು ‘ನೀನು’ ಎಂಬ ಮರಳಿನ ಮೇಲೆ ಬಿದ್ದೆ. ಫೋನು ತೆಗೆದುಕೊಂಡೆ. ಮೊದಲು ಟಾರ್ಚು ಹತ್ತಿತು. ಆಮೇಲೆ ಫೋನು ನನ್ನದೇ ಫೋಟೋ ತೆಗೆಯಿತು. ಅದನ್ನು ನಾನು ಇಂದಿಗೂ ನೋಡಿಲ್ಲ. ರೇಖಾ, "ಪ್ರಮಾಣಪತ್ರ ತರ್ಬೇಕನ?" ಎಂದು ಕೇಳಿದಳು. ಕೊನೆಗೆ ತಡೆದ ಕರೆಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ತೆರೆದುಕೊಂಡವು. ಮಾವನ ನಂಬರು ಬೆಳಿಗ್ಗೆ ಮತ್ತೆ ಮತ್ತೆ ಬಂದು, ಆಮೇಲೆ ನಿಂತುಹೋಗಿತ್ತು. ಅತ್ತೆ ಅದಕ್ಕೆ ಹಚ್ಚಿದರು. ಸ್ವಿಚ್ ಆಫ್.

ಅವರು ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಗಾಳಿಗೆ ಬೆನ್ನು ಕೊಟ್ಟು ನಿಂತು, ತಡೆದ ಒಂದೊಂದೇ ನಂಬರಿಗೆ ವಾಪಸು ಹಚ್ಚತೊಡಗಿದರು. ಯಾರಿಗೆ ಏನು ಗೊತ್ತಿದೆಯೋ ಎಂದು. ಗ್ಯಾಸಿನವನು ಸಿಕ್ಕಿದ, ಅವನ ಅಣ್ಣ ದೋಣಿಗೆ ಹೋಗಿದ್ದಾನೆಯೇ, ಏನಾದರೂ ಕಂಡಿದ್ದಾನೆಯೇ ಎಂದು ಕೇಳಿದರು. ಇಲ್ಲ. ಇನ್ನೊಂದು ನಂಬರಿನಲ್ಲಿ ದೂರದ ಯಾವುದೋ ಕಂಪನಿಯ ಹುಡುಗಿ ಸಾಲ ಬೇಕೇ ಎಂದಳು. "ಸಾಲ ಬೇಡ ತಂಗಿ, ಗಂಡ ಬೇಕು. ಸಮುದ್ರದಲ್ಲಿದ್ದಾರೆ. ನಿಂಗೆ ಭಟ್ಕಳದ ಬದಿ ಯಾರಾದ್ರೂ ಗೊತ್ತಿದ್ರೆ ಕೇಳಿ ಹೇಳು" ಎಂದರು ಅತ್ತೆ. ಆ ಹುಡುಗಿ ಸಾಲದ ಮಾತು ಬಿಟ್ಟು, "ದೇವರಿದ್ದಾನಮ್ಮಾ" ಎಂದಳು. ಇಂಥ ಕರೆಗಳನ್ನು ನಾನು ವರ್ಷಗಟ್ಟಲೆ ಕತ್ತರಿಸಿ ಎಸೆದಿದ್ದೇನೆ. ಆ ಕಡೆ ಒಬ್ಬ ಮನುಷ್ಯ ಇರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಪಟ್ಟಿಯ ತುದಿಗೆ ಒಂದೇ ನಂಬರು ಸಾಲುಸಾಲಾಗಿ ನಿಂತಿತ್ತು. ಅತ್ತೆಯ ಮುಖ ಬದಲಾಯಿತು. "ಜುಲೇಖಾ" ಎಂದರು. ಹಚ್ಚಿದರು. ಸ್ಪೀಕರ್ ಒತ್ತುವ ಕೆಲಸವನ್ನು ನನಗೆ ವಹಿಸಲಿಲ್ಲ.

"ದೇವಮ್ಮಾ, ಎಲ್ಲಿ ಹೋಗಿದ್ರಿ?" ಎಂದಿತು ಆ ಕಡೆಯ ದನಿ, ಅಳುವಿಗೂ ಸಿಟ್ಟಿಗೂ ನಡುವೆ. "ಹಚ್ಚಿ ಹಚ್ಚಿ ನನ್ನ ಬೆರಳು ಸವೀತು. ನಿಮ್ಮ ಯಜಮಾನ್ರು ನಮ್ಮ ತಮ್ಮನ ಬೋಟಲ್ಲಿ ಕೂತಿದ್ದಾರೆ. ಚಾ ಕುಡೀತಾ ಇದ್ದಾರೆ."

ಅತ್ತೆ ಮರಳಿನ ಮೇಲೆ ಕೂತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು, "ಸಕ್ರೆ ಹಾಕ್ಬೇಡಿ ಹೇಳು. ಅವ್ರಿಗೆ ಶುಗರ್ ಉಂಟು" ಎಂದರು.

ನಡೆದದ್ದು ಹೀಗೆ. ಮಾವ ಮನೆಗೆ ಹಚ್ಚಿದಷ್ಟು ಸಲವೂ ಕರೆ ಸತ್ತುಹೋಗಿದೆ. ದೋಣಿಯೊಳಗೆ ನೀರು, ಬೆರಳು ಒದ್ದೆ. ಇನ್ನೊಮ್ಮೆ ಒತ್ತುವಾಗ ಕೊನೆಯ ಅಂಕಿ ತಪ್ಪಿದೆ. ಕರೆ ಭಟ್ಕಳಕ್ಕೆ ಹೋಗಿದೆ. ಜುಲೇಖಾ ಆ ನಂಬರು ನೋಡಿ, ಕಾಸರಕೋಡಿನವರು ಇವತ್ತೂ ಅಳಿವೆ ದಾಟಿದರು ಎಂದು ಸುಮ್ಮನಿದ್ದರಂತೆ. "ಆದ್ರೆ ಒಂದೇ ರಿಂಗಿಗೆ ನಿಲ್ಲಿಸೋ ಮನುಷ್ಯ ಇವತ್ತು ನಿಲ್ಲಿಸ್ಲೇ ಇಲ್ಲ. ನನ್ನ ಎದೆ ಧಸಕ್ ಅಂತು, ಎತ್ತಿಬಿಟ್ಟೆ" ಎಂದರು. ಮಾವ, ಮುರ್ಡೇಶ್ವರದ ದೇವಸ್ಥಾನ ಎಡಕ್ಕೆ ಕಾಣುತ್ತಿದೆ ಎಂಬಷ್ಟನ್ನು ಹೇಳುವುದರಲ್ಲಿ ಫೋನು ನೀರಿಗೆ ಬಿತ್ತು. ಅಷ್ಟು ಸಾಕಾಯಿತು. ಮೀನು ಹಿಡಿದು ಭಟ್ಕಳಕ್ಕೆ ಮರಳುತ್ತಿದ್ದ ತಮ್ಮನಿಗೆ ಜುಲೇಖಾ ಫೋನಿನಲ್ಲೇ ಆಜ್ಞೆ ಮಾಡಿ ಬೋಟು ತಿರುಗಿಸಿದರು. ಆತ ಹುಡುಕಿ, ಹಗ್ಗ ಎಸೆದು, ದೋಣಿಯನ್ನೂ ಮಾವನನ್ನೂ ಎಳೆದುಕೊಂಡು ಬಂದ.

ನನಗೆ ಆ ಇಬ್ಬರು ಹೆಂಗಸರ ಮುಂದೆ ಎದ್ದು ನಿಲ್ಲಬೇಕು ಅನ್ನಿಸುತ್ತದೆ. ಗುರುತಿಲ್ಲದ ನಂಬರು ಕಂಡರೆ ನಾನು ಹೆದರುತ್ತೇನೆ. ಅವರು ಗುರುತು ಮಾಡಿಕೊಳ್ಳುತ್ತಾರೆ. ಮೋಸಗಾರರು ಇಲ್ಲವೆಂದಲ್ಲ. ಒಮ್ಮೆ ಯಾರೋ ಬ್ಯಾಂಕಿನವನೆಂದು ಹೇಳಿ ಒಟಿಪಿ ಕೇಳಿದಾಗ, ಅತ್ತೆ ಅವನ ಊರು, ತಾಯಿ, ಊಟ ಎಲ್ಲ ವಿಚಾರಿಸಿ, ಈ ಕೆಲಸ ಬಿಡು ಮಗಾ ಎಂದು ಬುದ್ಧಿ ಹೇಳಿ, ಅವನೇ ಫೋನ್ ಇಟ್ಟು ಓಡುವಂತೆ ಮಾಡಿದ್ದರಂತೆ. ನನ್ನ ಶಿಬಿರದಲ್ಲಿ ಈ ಉಪಾಯವನ್ನು ಯಾರೂ ಹೇಳಿರಲಿಲ್ಲ.

ಸಂಜೆ ಮಾವ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಜುಲೇಖಾ ಕಟ್ಟಿಕೊಟ್ಟ ಬಿರಿಯಾನಿಯ ಡಬ್ಬಿ. ಕಾಲು ತೊಳೆದು, ನನ್ನನ್ನು ಒಮ್ಮೆ ನೋಡಿ, "ಈ ಮನೇಲಿ ನನ್ನ ಫೋನ್ ಎತ್ತೂದಿಲ್ಲ ಅಂತ ಗೊತ್ತಿತ್ತು. ರಿಂಗೂ ಆಗ್ದೇ ಇದ್ದದ್ದು ಇದೇ ಮೊದ್ಲು" ಎಂದರು. ಅಷ್ಟೇ. ನನಗೆ ಬಿರಿಯಾನಿ ಬಡಿಸುವಾಗ ಅತ್ತೆ ರೇಖಾಳನ್ನು ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಸುಮ್ಮನೆ ಹಾಕಿದರು.

ಕುಮಟಾಕ್ಕೆ ಮರಳಿದ ಮೇಲೆ ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿದೆ. ಈಗ ಎಲ್ಲ ಕರೆಗಳನ್ನೂ ಎತ್ತುತ್ತೇನೆ. ಒಂದೇ ರಿಂಗಿಗೆ ನಿಲ್ಲದ ಫೋನು ಕೇಳಿದರೆ ಇಂದಿಗೂ ಆ ನೊರೆಯ ಗೋಡೆ ಕಣ್ಣಮುಂದೆ ಏಳುತ್ತದೆ. ಸಾಲ ಬೇಕೇ ಎಂದು ಕೇಳುವ ಎಷ್ಟೋ ಹುಡುಗಿಯರ ಪರಿಚಯವಾಗಿದೆ. ಅತ್ತೆಗೂ ಆಗಾಗ ಹಚ್ಚುತ್ತೇನೆ. ಅವರು ಮಾತ್ರ ಒಮ್ಮೆಯೂ ಎತ್ತುವುದಿಲ್ಲ.

ಮೊನ್ನೆ ತವರಿಗೆ ಹೋಗಿ ಬಂದ ರೇಖಾ, "ಅಮ್ಮ ತನ್ನ ಫೋನಲ್ಲಿ ನಿಮ್ಮ ಹೆಸ್ರು ಹಾಕ್ಸಿಕೊಂಡ್ಳು" ಎಂದಳು. ನನಗೆ ಎದೆ ತುಂಬಿ ಬಂತು. ಗಂಡನ ಹೆಸರಿಲ್ಲ, ಮಗಳ ಹೆಸರಿಲ್ಲ, ಜುಲೇಖಾಳ ಹೆಸರೂ ಇಲ್ಲ. ಆ ಫೋನಿನಲ್ಲಿ ಹೆಸರುಳ್ಳವನು ನಾನೊಬ್ಬನೇ! ಇಷ್ಟು ಗೌರವ ಯಾಕಿರಬಹುದು ಎಂದು ವಿನಯದಿಂದ ಕೇಳಿದೆ.

"ಎಲ್ಲಾ ನಂಬರೂ ಎತ್ತುವಂಥದ್ದೇ ಅಂತೆ. ಎತ್ತಬಾರದ್ದು ಯಾವ್ದು ಅಂತ ಗೊತ್ತಾಗ್ಬೇಕಲ್ಲ ಅಂದ್ಳು."